ಗಂಟೆಗೆ ಕಟ್ಟದ ಅರ್ಜಿ

"ಓದು ಬರಹ ಇಲ್ಲದವನ ಕೈಗೆ ಕಾಗದ ಕೊಟ್ಟರೆ ಇನ್ನೇನಾಗುತ್ತೆ ರತ್ನ? ಬೋಂಡಾ ಕಟ್ಟಿಸ್ಕೊಂಡು ತಿಂದಿರ್ತಾನೆ," ಎಂದರು ಸದಾನಂದ.

ಎಲ್ಲರೂ ನಕ್ಕರು. ಗಟ್ಟಿಯಾಗಿ ನಕ್ಕದ್ದು ಡಾಕ್ಟರ್ ಜನಾರ್ದನ ಒಬ್ಬರೇ. ಉಳಿದವರದು ಬಾಯಲ್ಲಿ ಅನ್ನವಿರುವಾಗ ಮೂಗಿನಿಂದ ಬರುವ ನಗು. ಟೀವಿ ಸ್ಟ್ಯಾಂಡಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದ ಡ್ರೈವರ್ ಕ್ಲೈವ್ ಏಳಲಿಲ್ಲ. ಏಳುವ ಹಾಗೂ ಇರಲಿಲ್ಲ. ಲ್ಯಾಪ್‌ಟಾಪಿನಿಂದ ಟೀವಿಗೆ ಬರುವ ವಯರಿನ ತುದಿ ಸಡಿಲವಾಗಿ, ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಪರದೆಯಲ್ಲಿ ಚಿತ್ರ ನಿಲ್ಲುತ್ತಿತ್ತು. ಬಿಟ್ಟರೆ ಬರೀ ನೀಲಿ. ಅರ್ಧ ಗಂಟೆಯಿಂದ ಅವನು ಹಿಮಾಲಯವನ್ನು ಹೆಬ್ಬೆರಳಿನಲ್ಲಿ ಹಿಡಿದುಕೊಂಡು ಕೂತಿದ್ದ. ನೈನಿತಾಲಿನ ಕೆರೆ ಹೋಯಿತು, ಕೌಸಾನಿಯ ಮುಂಜಾವು ಹೋಯಿತು, ಒಬ್ಬೊಬ್ಬರೂ ತಮ್ಮ ತಮ್ಮ ಮುಖ ಬಂದಾಗ ಅಯ್ಯೋ ತೆಗೀರಿ ಎಂದು ಹೇಳಿ ಮತ್ತೊಮ್ಮೆ ತೋರಿಸಿ ಎಂದು ಕೇಳಿದ್ದಾಯಿತು. ಎರಡು ವಾರದ ಹಿಂದೆ ಕೌಲಾಲಂಪುರದಿಂದ ಹೋಗಿ ಬಂದ ಹನ್ನೊಂದು ಜನ ಕನ್ನಡದವರು ಬಾಂಗ್ಸಾರಿನ ಹನ್ನೆರಡನೇ ಮಹಡಿಯ ಸದಾನಂದರ ಈ ಮನೆಯಲ್ಲಿ ಭಾನುವಾರದ ಊಟಕ್ಕೆ ಸೇರಿದ್ದರು. ಜೊತೆಗೆ ಹೋಗಿದ್ದರೂ ಯಾವ ಫೋಟೊದಲ್ಲೂ ಕ್ಲೈವ್ ಇರಲಿಲ್ಲ. ಒಂದರಲ್ಲಿ ಮಾತ್ರ ಅವನ ಮೊಣಕೈ ಇತ್ತು, ಅದರ ಮೇಲೆ ಯಾರದೋ ಶಾಲು.

ಈಗ ಪರದೆಯಲ್ಲಿದ್ದದ್ದು ಅಲ್ಮೋರಾದ ಹತ್ತಿರದ ಚಿತೈ ಗುಡಿ. ಅಲ್ಲಿಯ ಗೋಲು ದೇವರು ನ್ಯಾಯ ಕೊಡುವ ದೇವರು. ಎಲ್ಲೂ ನ್ಯಾಯ ಸಿಗದವರು ತಮ್ಮ ದೂರನ್ನು ಕಾಗದದಲ್ಲಿ ಬರೆದು ದಾರ ಪೋಣಿಸಿ ಅಲ್ಲಿ ಕಟ್ಟಿ ಬರುತ್ತಾರೆ, ಜೊತೆಗೊಂದು ಗಂಟೆ. ಕಂಬಕ್ಕೆ, ಕಮಾನಿಗೆ, ಮಾಡಿನ ಅಂಚಿಗೆ ಸಾವಿರಾರು ಗಂಟೆಗಳು, ಅವುಗಳ ನಡುವೆ ಹಳದಿಯಾದ ಸ್ಟಾಂಪ್ ಪೇಪರುಗಳು. ರತ್ನಕ್ಕ ಇದನ್ನೆಲ್ಲ ಮೊಬೈಲಿನಲ್ಲಿ ನೋಡಿ ತಿಳಿದಿದ್ದರು. ಅವರು ಪ್ರವಾಸಕ್ಕೆ ಹೋಗಿರಲಿಲ್ಲ, ಆರನೆಯ ಕೀಮೋ ಆಗ ತಾನೇ ಮುಗಿದಿತ್ತು. ಬ್ರಿಕ್‌ಫೀಲ್ಡ್ಸಿನ ತಮಿಳರ ಅಂಗಡಿಯಲ್ಲಿ ತಾವೇ ಆರಿಸಿದ ಹಿತ್ತಾಳೆ ಗಂಟೆಯನ್ನೂ ಅಂಟಿಸಿದ ಲಕೋಟೆಯನ್ನೂ ಗಂಡ ಸದಾನಂದರ ಕೈಗೆ ಕೊಟ್ಟು ಕಳಿಸಿದ್ದರು. ಪರದೆಯಲ್ಲಿ ಆ ಗಂಟೆಯನ್ನು ಅವರು ತಕ್ಷಣ ಗುರುತಿಸಿದರು, ತುದಿಯಲ್ಲಿ ಪುಟ್ಟ ಬಸವ ಇರುವಂಥದ್ದು. ಸೋಫಾದಿಂದ ಸ್ವಲ್ಪ ಮುಂದೆ ಬಾಗಿ, ತಲೆಗೆ ಸುತ್ತಿದ ಹತ್ತಿಯ ವಸ್ತ್ರವನ್ನು ಸರಿಮಾಡಿಕೊಂಡು, ಗಂಟೆ ಇದೆ, ಅದರ ಜೊತೆ ನನ್ನ ಕಾಗದ ಇರಬೇಕಿತ್ತಲ್ಲ ಎಂದು ಮೆಲ್ಲಗೆ ಕೇಳಿದರು. ಸದಾನಂದರು ಎದ್ದು ಎಲ್ಲರಿಗೂ ಸಾರು ಬಡಿಸಲು ಹೊರಟವರು, ಬೆನ್ನು ತಿರುಗಿಸಿಕೊಂಡೇ, ಅದನ್ನು ಆ ಹುಡುಗನ ಕೈಯಲ್ಲಿ ಕೊಟ್ಟಿದ್ದೆ, ಕಳೆದುಹಾಕಿದ್ದಾನೆ ಅನ್ನಿಸುತ್ತೆ, ನಿನಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ ಎಂದರು. ಆಮೇಲೆ ಬೋಂಡಾದ ಮಾತು.

ಒಂದೇ ವಾಕ್ಯ ಸಾಕಿತ್ತು. ಸರ್ ಅದನ್ನು ಓದಿ ಹರಿದು ಹಾಕಿದರು, ನಾನು ನೋಡಿದ್ದೇನೆ. ಆ ವಾಕ್ಯ ಕ್ಲೈವನ ಗಂಟಲಿನಲ್ಲಿ ಪೂರ್ತಿ ತಯಾರಾಗಿ ಕೂತಿತ್ತು. ಬಾಯಿ ತೆರೆದರೆ ಈ ನಗುವಿನ ಮೇಲೆ ಅದು ಹೇಗೆ ಬೀಳುತ್ತದೆ ಎಂದು ಊಹಿಸಿ ಅವನ ಹೊಟ್ಟೆಯೊಳಗೆ ಒಂದು ಥರ ಸುಖವೂ ಆಯಿತು. ಆದರೆ ಆ ವಾಕ್ಯದ ಬೆನ್ನಿಗೆ ಇನ್ನೊಂದು ವಾಕ್ಯ ಇತ್ತು. ಮೊದಲನೆಯದನ್ನು ಎಳೆದರೆ ಎರಡನೆಯದೂ ಬರುತ್ತಿತ್ತು, ಬಾವಿಯಿಂದ ಕೊಡ ಎಳೆದಾಗ ಕಪ್ಪೆ ಬಂದ ಹಾಗೆ. ಅವನು ಹೆಬ್ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದ. ಓದು ಬರಹ ಇಲ್ಲದವನು. ಒಂಬತ್ತನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದವನು ಅವನು, ಕಿನ್ನಿಗೋಳಿಯ ಹತ್ತಿರ. ಲೆಕ್ಕದಲ್ಲಿ ಸೊನ್ನೆ ಬಂದದ್ದಕ್ಕೆ ಬೆಂಚಿನ ಮೇಲೆ ನಿಲ್ಲಿಸಿದ ದಿನ ಇಳಿದು ಹೊರಗೆ ನಡೆದವನು ಮತ್ತೆ ಹೋಗಿರಲಿಲ್ಲ, ನಿಜ. ಆದರೆ ಈ ಹಜಾರದಲ್ಲಿ ಕೂತವರಲ್ಲಿ ಕನ್ನಡದ ಒಂದು ಪುಟವನ್ನು ತಪ್ಪಿಲ್ಲದೆ ಬರೆಯಬಲ್ಲವನು ತಾನೊಬ್ಬನೇ ಎಂಬುದು ಅವನಿಗೆ ಗೊತ್ತಿತ್ತು. ಇವರ ವಾಟ್ಸಾಪ್ ಗ್ರೂಪಿನಲ್ಲಿ ಬರುವ ಯುಗಾದಿಯ ಶುಭಾಶಯದಲ್ಲೂ ಒತ್ತಕ್ಷರ ಇರುವುದಿಲ್ಲ. ಎಲ್ಲರೂ ಇಂಗ್ಲಿಷಿನ ಅಕ್ಷರದಲ್ಲಿ ಕನ್ನಡ ಕುಟ್ಟುವವರು. ಇವರು ಇವತ್ತು ಹುಡುಕುತ್ತಿರುವ ಆ ಕಾಗದವನ್ನು ಬರೆದವನೇ ಅವನು. ಅದು ರತ್ನಕ್ಕನಿಗೂ ಗೊತ್ತು, ಅವರಿಬ್ಬರಿಗೆ ಮಾತ್ರ.

ರತ್ನಕ್ಕ ಸುಮ್ಮನಿದ್ದರು. ಯಾಕೆ ಸುಮ್ಮನಿದ್ದಾರೆ. ಬಾಯಿ ಬಿಟ್ಟು ಹೇಳಬಹುದಲ್ಲ. ಹೇಳಿದರೆ ಅದರಲ್ಲಿ ಏನಿತ್ತು ಎಂದು ಗಂಡ ಕೇಳುತ್ತಾರೆ, ಅದಕ್ಕೆ ಸುಮ್ಮನಿದ್ದಾರೆ ಎಂದು ತನಗೆ ತಾನೇ ಉತ್ತರ ಹೇಳಿಕೊಂಡರೂ ಅವನಿಗೆ ಅವರ ಮೇಲೂ ಸಿಟ್ಟು ಬಂತು. ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾರಿನ ಎ.ಸಿ. ಹಾಕಿಕೊಂಡು ಕೂತಿದ್ದ ಆ ಮಧ್ಯಾಹ್ನ ಅವರು ಹೀಗೆ ಸುಮ್ಮನಿರಲಿಲ್ಲ. ಕೀಮೋದಿಂದ ಬೆರಳ ತುದಿಗಳಲ್ಲಿ ಜೋಮು ಹಿಡಿದು, ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ, ಪೆನ್ನು ಜಾರುತ್ತಿತ್ತು. ನೀನು ಬರಿ, ನಾನು ಹೇಳ್ತೀನಿ ಎಂದಿದ್ದರು. ಸ್ಟಾಂಪ್ ಪೇಪರ್ ಎಲ್ಲಿಂದ ತರುವುದು, ಮೂಲೆಯ ಅಂಗಡಿಯಿಂದ ಗೆರೆಯ ಹಾಳೆ ತಂದಿದ್ದ. ಎಡಗಡೆ ಎರಡು ಬೆರಳಿನಷ್ಟು ಮಾರ್ಜಿನ್ ಮಡಚಿದ, ಕೈ ತಾನಾಗಿಯೇ ಮಡಚಿತು. ತ್ರಿವಿಕ್ರಮ ಮಾಸ್ತರು ಮಾರ್ಜಿನ್ ದಾಟಿದರೆ ಅರ್ಧ ಅಂಕ ಕಳೆಯುತ್ತಿದ್ದರು. ಸ್ಟಿಯರಿಂಗಿನ ಮೇಲೆ ರಸ್ತೆಯ ಮ್ಯಾಪನ್ನು ದಪ್ಪಗೆ ಮಡಚಿಟ್ಟು, ಅದರ ಮೇಲೆ ಹಾಳೆ ಇಟ್ಟು, ಪೆನ್ನು ಹಿಡಿದಾಗ ಬೆನ್ನು ನೆಟ್ಟಗಾಯಿತು. ದೇವರಿಗೆ ಕನ್ನಡ ಬರುತ್ತೋ ಇಲ್ಲವೋ ಎಂದು ರತ್ನಕ್ಕ ನಕ್ಕಿದ್ದರು. ನನಗೆ ಹಿಂದಿ ಬರುವುದಿಲ್ಲ ಅಕ್ಕ ಎಂದಿದ್ದ ಅವನು. ನ್ಯಾಯ ಕೇಳೋಕೆ ಇಷ್ಟು ಸಾಕು ಬಿಡು ಎಂದು ಅವರು ಕಣ್ಣು ಮುಚ್ಚಿಕೊಂಡು ಹೇಳತೊಡಗಿದರು.

ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದನ್ನು ಅವರು ಒಂದೂವರೆ ವರ್ಷದ ಹಿಂದೆಯೇ ಗಂಡನಿಗೆ ಹೇಳಿದ್ದರು. ಈ ವಯಸ್ಸಿನ ಹೆಂಗಸರಿಗೆ ಇವೆಲ್ಲ ಇದ್ದದ್ದೇ, ಮಗಳ ಕಾನ್ವೊಕೇಶನ್ ಮುಗಿಯಲಿ ಎಂದಿದ್ದರು ಗಂಡ. ಅದು ಮುಗಿಯಿತು. ಆಮೇಲೆ ಕ್ಲಾಂಗ್ ಬಂದರಿನ ಶಿಪ್ಪಿಂಗ್ ಕಂಪನಿಯಲ್ಲಿ ಅವರಿಗೆ ಬಡ್ತಿ, ಬಾಂಗ್ಸಾರಿಗೆ ಮನೆ ಬದಲಾವಣೆ. ಹತ್ತು ತಿಂಗಳು ಹೀಗೇ ಹೋಯಿತು. ನಾನೂ ಮತ್ತೆ ಕೇಳಲಿಲ್ಲ, ನನ್ನದೂ ತಪ್ಪಿದೆ, ಅದನ್ನೂ ಬರಿ ಎಂದರು. ಆದರೆ ಅವರು ಅದನ್ನು ಮರೆತೇಬಿಟ್ಟಿದ್ದಾರೆ ದೇವರೇ. ಬಂದವರಿಗೆಲ್ಲ, ದೇವರ ದಯೆ, ನಾವು ಬೇಗ ಪತ್ತೆ ಹಚ್ಚಿದೆವು ಅನ್ನುತ್ತಾರೆ. ನಾನು ಪಕ್ಕದಲ್ಲೇ ಕೂತು ಹೌದು ಅನ್ನುತ್ತೇನೆ. ಅವರಿಗೆ ಒಂದು ಸಲ ಅದು ನೆನಪಾಗಲಿ. ಅಷ್ಟೇ ನಾನು ಕೇಳುವುದು. ಶಿಕ್ಷೆ ಬೇಡ. ಇಷ್ಟು ಹೇಳಿ ಅವರು ಕಣ್ಣು ತೆರೆದು, ಕಿಟಕಿಯಾಚೆ ಸಾಲಾಗಿ ನಿಂತ ಕಾರುಗಳನ್ನು ನೋಡಿದರು. ಅಳಲಿಲ್ಲ. ಬಾಯಾರಿಕೆ ಎಂದರು.

ಆ ದಿನ ಬೆಳಿಗ್ಗೆಯಷ್ಟೇ ಆಸ್ಪತ್ರೆಯ ಕೌಂಟರಿನಲ್ಲಿ, ಜೊತೆಗೆ ಬಂದವರು ಯಾರು, ಏನು ಸಂಬಂಧ ಎಂದು ನರ್ಸು ಫಾರಂ ಮುಂದಿಟ್ಟುಕೊಂಡು ಕೇಳಿದ್ದಳು. ರತ್ನಕ್ಕ ಕ್ಲೈವನ ಕಡೆ ಕೈ ತೋರಿಸಿ ತಮ್ಮ ಎಂದಿದ್ದರು. ಆ ಒಂದು ದಿನ ಮಾತ್ರ ಜೊತೆಗೆ ಬಂದಿದ್ದ, ಮೀಟಿಂಗಿಗೆ ಹೋಗುವ ಅವಸರದಲ್ಲಿದ್ದ ಸದಾನಂದರು ಹಿಂದಿನಿಂದ ನಕ್ಕಿದ್ದರು. ತಮ್ಮ ಎಲ್ಲಿಂದ ಬಂದ, ಡ್ರೈವರ್ ಅಂತ ಹಾಕಿ ಎಂದು ನರ್ಸಿಗೆ ಇಂಗ್ಲಿಷಿನಲ್ಲಿ ಹೇಳಿ, ಅವಳು ಡ್ರೈವರ್ ಎಂದು ಬರೆದದ್ದನ್ನು ಬಗ್ಗಿ ನೋಡಿ ಖಚಿತ ಮಾಡಿಕೊಂಡೇ ಹೋದರು. ತಮಾಷೆಯೂ ಅಲ್ಲ, ಕೋಪವೂ ಅಲ್ಲ, ಒಂದು ತಪ್ಪು ತಿದ್ದಿದ್ದು ಅಷ್ಟೇ. ಅವನ ಕಿವಿ ಮಧ್ಯಾಹ್ನದ ತನಕ ಬಿಸಿಯಾಗಿತ್ತು. ಶಿಕ್ಷೆ ಬೇಡ ಎಂಬ ಮಾತನ್ನು ಬರೆದು ಪೂರ್ಣವಿರಾಮ ಹಾಕಿದವನು ಪೆನ್ನು ಎತ್ತಲಿಲ್ಲ. ರತ್ನಕ್ಕ ನೀರಿನ ಬಾಟಲಿಯ ಮುಚ್ಚಳದ ಜೊತೆ ಹೆಣಗುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಅವನು ಇನ್ನೊಂದು ಸಾಲು ಬರೆದ. ಇವರ ಜೊತೆ ಬದುಕುವುದಕ್ಕಿಂತ ಸಾಯುವುದೇ ಸುಖ. ಬರೆದದ್ದು ತಾನು ಎಂದು ಅವನಿಗೆ ಅನ್ನಿಸಲೂ ಇಲ್ಲ. ಅಕ್ಷರಗಳು ದುಂಡಗೆ, ಮಾರ್ಜಿನ್ ಬಿಟ್ಟು, ಚೆಂದವಾಗಿ ಬಿದ್ದವು. ಆಮೇಲೆ ಮುಚ್ಚಳ ತೆಗೆದುಕೊಟ್ಟ. ಓದಿ ಹೇಳು ಎಂದರು. ಓದಿದ, ಕೊನೆಯ ಸಾಲು ಬಿಟ್ಟು. ಚೆನ್ನಾಗಿ ಬರೀತೀಯ ಕಣೋ ಎಂದು ಹೇಳಿ, ಕನ್ನಡಕವಿಲ್ಲದ ಕಣ್ಣಿನಲ್ಲಿ ಹಾಳೆಯನ್ನು ದೂರ ಹಿಡಿದು, ಜೋಮು ಹಿಡಿದ ಬೆರಳಿನಿಂದ ಆ ಸಾಲಿನ ಕೆಳಗೇ ರತ್ನ ಎಂದು ಸೊಟ್ಟಸೊಟ್ಟ ರುಜು ಹಾಕಿದರು.

"ಹೋಗ್ಲಿ ಬಿಡಿ ಸರ್. ದೇವರಿಗೆ ಕಾಗದ ಬೇಕಾ, ಮನಸ್ಸು ಸಾಕು ಲಾ," ಎಂದರು ರೇಮಂಡ್, ಮಾತಿನ ಕೊನೆಗೆ ಇಲ್ಲಿಯವರ ಲಾ ಸೇರಿಸಿ. ಪ್ರವಾಸದ ಏರ್ಪಾಟು ಮಾಡಿದ್ದು ರೇಮಂಡರ ಟ್ರಾವೆಲ್ಸ್. ಕ್ಲೈವನನ್ನು ಮಂಗಳೂರಿನಿಂದ ಕರೆಸಿ ಕಾರು ಓಡಿಸಲು ಇಟ್ಟುಕೊಂಡವರೂ, ಈ ಸಲ ಲಗೇಜು ಎತ್ತಲು ಹಿಮಾಲಯಕ್ಕೆ ಕಳಿಸಿದವರೂ ಅವರೇ. ಆ ಮಾತು ಹೇಳುವಾಗ ಅವರು ಕ್ಲೈವನ ಕಡೆ ನೋಡಲಿಲ್ಲ, ಸದಾನಂದರ ಪಕ್ಕದಲ್ಲಿದ್ದ ಹಪ್ಪಳದ ತಟ್ಟೆಯ ಕಡೆ ನೋಡಿದರು. ಮುಂದಿನ ವರ್ಷ ಕೇದಾರಕ್ಕೆ ಕರೆದುಕೊಂಡು ಹೋಗಲು ಇದೇ ಜನ ಬೇಕು. ಅವನೇನ್ ಬೇಕಂತ ಕಳೆದಾನೇನ್ರಿ, ಆಗಿಂದ ಅದೇ ವಯರ್ ಹಿಡ್ಕೊಂಡ್ ಕುಂತಾನ, ಒಂದ್ ತುತ್ತ್ ಉಂಡಿಲ್ಲ ಎಂದು ಧಾರವಾಡದ ಬಿಲ್ಕಿಸ್ ಒಬ್ಬರು ಗೊಣಗಿದರು. ಎದ್ದು ಒಂದು ತಟ್ಟೆಯಲ್ಲಿ ಅನ್ನ, ಪಲ್ಯ ಹಾಕಿ ಟೀವಿಯ ಹಿಂದಕ್ಕೆ ಚಾಚಿದರು. ತಟ್ಟೆ ತೆಗೆದುಕೊಳ್ಳಲು ಕೈ ಬಿಟ್ಟಾಗ ಪರದೆ ನೀಲಿಯಾಯಿತು. ಯಾರೋ ಅಯ್ಯೋ ಎಂದರು. ಡಾಕ್ಟರ್ ಜನಾರ್ದನ, ಸಾಕು ಬಿಡ್ರಪ್ಪ, ಎಷ್ಟು ಗುಡಿ ನೋಡ್ತೀರಿ ಎಂದು ಲ್ಯಾಪ್‌ಟಾಪ್ ಮುಚ್ಚಿ, ರತ್ನಕ್ಕನ ಕಡೆ ತಿರುಗಿ, ನೀವೇನೂ ಯೋಚನೆ ಮಾಡಬೇಡಿ, ಕಾಗದ ಕಟ್ಟಿದರೂ ಅಷ್ಟೇ ಬಿಟ್ಟರೂ ಅಷ್ಟೇ, ಬೇಗ ಪತ್ತೆ ಹಚ್ಚಿದ್ದೀರಿ, ಅದೇ ದೊಡ್ಡದು ಎಂದರು.

ಕ್ಲೈವ್ ತಟ್ಟೆಯ ಮೇಲಿಂದ ಸದಾನಂದರನ್ನು ನೋಡಿದ. ಯಾವಾಗಲೂ ಈ ಮಾತಿಗೆ ಕಾಯುತ್ತಿದ್ದವರಂತೆ ಹೌದು ಹೌದು, ಫಸ್ಟ್ ಸ್ಟೇಜು ಎಂದು ಸೇರಿಸುತ್ತಿದ್ದವರು ಇವತ್ತು ಸಾರಿನ ಪಾತ್ರೆಯನ್ನು ಹಿಡಿದು ಅಡುಗೆಮನೆಗೆ ಹೋದರು. ಅಲ್ಲಿ ನಲ್ಲಿ ಬಿಟ್ಟ ಸದ್ದು ಕೇಳಿಸಿತು, ತುಂಬ ಹೊತ್ತು, ಪಾತ್ರೆ ತುಂಬಿ ಹೊರಗೆ ಹರಿಯುವಷ್ಟು. ರತ್ನಕ್ಕ ಅಡುಗೆಮನೆಯ ಬಾಗಿಲಿನ ಕಡೆ ಒಮ್ಮೆ ತಿರುಗಿ ನೋಡಿದರು.

ನವೆಂಬರಿನ ಆ ದಿನ ಚಿತೈಯಲ್ಲೂ ಹೀಗೆ ಒಂದು ಸದ್ದು ನಿಲ್ಲದೆ ಬರುತ್ತಿತ್ತು. ಗಾಳಿಗೆ ಸಣ್ಣ ಗಂಟೆಗಳು ಒಂದಕ್ಕೊಂದು ತಾಗುವ ಸದ್ದು, ಹಲ್ಲು ಕಟಕಟಿಸಿದ ಹಾಗೆ. ಹಿಂದಿನ ದಿನ ಕೌಸಾನಿಯ ಹೋಟೆಲಿನ ಮಾಳಿಗೆಯಲ್ಲಿ ಬೆಳಗಿನ ಐದೂವರೆಗೆ ಎಲ್ಲರೂ ಕಂಬಳಿ ಹೊದ್ದು ನಿಂತಿದ್ದರು. ಕತ್ತಲೆಯೊಳಗೆ ಮೊದಲು ಒಂದು ತುದಿ ಕೆಂಪಾಯಿತು, ಆಮೇಲೆ ಅದರ ಪಕ್ಕದ್ದು, ಆಮೇಲೆ ಇಡೀ ಸಾಲು. ಗೋಡೆಯ ಮೇಲಿನ ಬೋರ್ಡು ನೋಡಿಕೊಂಡು ಸದಾನಂದರು ತ್ರಿಶೂಲ, ನಂದಾದೇವಿ, ಪಂಚಚೂಲಿ ಎಂದು ಹೆಸರು ಹೇಳಿದರು. ಏನಪ್ಪಾ, ನಿಮ್ಮೂರ ಗುಡ್ಡಕ್ಕಿಂತ ದೊಡ್ಡದಾ ಎಂದು ಕೇಳಿದರು, ಎಲ್ಲರೂ ನಗಲಿ ಎಂದು. ಕ್ಲೈವನಿಗೆ ಆ ಬೆಟ್ಟಗಳ ಮೇಲೆ ವಿನಾಕಾರಣ ಸಿಟ್ಟು ಬಂದಿತ್ತು. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಹಾಗೆ ನಿಂತಿದ್ದವು. ಹನ್ನೊಂದು ಜನರ ಹೆಚ್ಚುವರಿ ಸ್ವೆಟರುಗಳನ್ನು ತೋಳಿನ ಮೇಲೆ ಹೊತ್ತುಕೊಂಡು ನಿಂತವನಿಗೆ ಅದನ್ನು ನೋಡಿ ಕಣ್ಣಲ್ಲಿ ನೀರು ಬಂತು, ಚಳಿಗೆ ಎಂದುಕೊಂಡ.

ಚಿತೈಯಲ್ಲಿ ಉಳಿದವರು ಹೊರಗಿನ ಅಂಗಡಿಗಳಲ್ಲಿ ಗಂಟೆ, ಮಿಠಾಯಿ ಎಂದು ನಿಂತುಬಿಟ್ಟರು. ಸದಾನಂದರು ಗಂಟೆಯನ್ನೂ ಲಕೋಟೆಯನ್ನೂ ಹಿಡಿದು ಒಳಗೆ ಹೋದದ್ದನ್ನು ಕ್ಲೈವ್ ನೋಡಿದ್ದ. ಅವರ ಮಫ್ಲರು ಗಾಡಿಯಲ್ಲೇ ಉಳಿದಿತ್ತು, ಕೊಡಲು ಹಿಂದೆಯೇ ಹೋದ. ಅವರು ಗುಡಿಗೆ ಹೋಗಿರಲಿಲ್ಲ. ಪಕ್ಕದ ಪೈನ್ ಮರದ ಕೆಳಗಿನ ಕಟ್ಟೆಯ ಮೇಲೆ ಕೂತು, ಗೋಡೆಯ ತುಂಬ ನೇತಾಡುವ ಕಾಗದಗಳನ್ನು ನೋಡುತ್ತಿದ್ದರು. ಯಾವುದಕ್ಕೂ ಲಕೋಟೆ ಇರಲಿಲ್ಲ, ಎಲ್ಲವೂ ಬಿಚ್ಚಿದ ಹಾಳೆಗಳೇ, ಬಂದವರೆಲ್ಲ ಓದಬಹುದಾಗಿತ್ತು. ಅಲ್ಲಿಯ ಪದ್ಧತಿಯೇ ಹಾಗೆ ಎಂದು ಅವರಿಗೆ ಅನ್ನಿಸಿರಬೇಕು. ಅಥವಾ ಹಾಗೆಂದು ಒಂದು ನೆಪ ಸಿಕ್ಕಿರಬೇಕು. ಲಕೋಟೆ ಒಡೆದರು. ತುಟಿ ಅಲ್ಲಾಡಿಸುತ್ತ ಓದತೊಡಗಿದರು, ಎಷ್ಟೋ ವರ್ಷಗಳಿಂದ ಕೈಬರಹದ ಕನ್ನಡ ಓದದವರು ಓದುವ ಹಾಗೆ, ಬೆರಳಿಟ್ಟುಕೊಂಡು. ಕ್ಲೈವ್ ಮರದ ಹಿಂದೆ ನಿಂತ. ಓಡಿಹೋಗಿ ಕಸಿದುಕೊಳ್ಳಬಹುದಿತ್ತು. ಅವನು ಕಸಿದುಕೊಳ್ಳಲಿಲ್ಲ, ಕಾದ. ಬೆರಳು ಕೊನೆಯ ಸಾಲಿಗೆ ಬರುವುದನ್ನೇ ಕಾದ. ಆ ಗಳಿಗೆಯಲ್ಲಿ ಆ ಮುಖ ಹೇಗಾಗುತ್ತದೆಂದು ನೋಡುವ ಆಸೆ ಅವನಲ್ಲಿ ಹಸಿವಿನಷ್ಟೇ ನಿಜವಾಗಿತ್ತು.

ಮುಖ ಏನೂ ಆಗಲಿಲ್ಲ. ಬೆರಳು ಮಾತ್ರ ಆ ಸಾಲಿನ ಮೇಲೆ ನಿಂತಿತು, ಮುಂದೆ ಹೋಯಿತು, ಮತ್ತೆ ಹಿಂದೆ ಬಂತು. ಸದಾನಂದರು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ತಮ್ಮ ಬೂಟಿನ ಲೇಸು ಬಿಚ್ಚಿದರು. ಮತ್ತೆ ಕಟ್ಟಿದರು. ಅದನ್ನು ಎರಡು ಸಲ ಮಾಡಿದರು. ಆಮೇಲೆ ಹಾಳೆಯನ್ನು ಉದ್ದಕ್ಕೆ ಹರಿದು, ಅಡ್ಡಕ್ಕೆ ಹರಿದು, ಉಗುರಿನಷ್ಟಾಗುವವರೆಗೆ ಹರಿದು, ಸುಟ್ಟ ಜೋಳದ ತೆನೆ, ಪ್ರಸಾದದ ದೊನ್ನೆ ತುಂಬಿದ ಕಸದ ಡಬ್ಬಿಗೆ ಹಾಕಿದರು. ಕ್ಲೈವನಿಗೆ ಖುಷಿಯಾಗಬೇಕಿತ್ತು. ಬದಲಿಗೆ ಅವನಿಗೆ ಶಾಲೆಯ ಬೆಂಚಿನ ಮೇಲೆ ನಿಂತವನ ಎತ್ತರ, ಅಲ್ಲಿಂದ ಕೆಳಗೆ ಕಾಣುತ್ತಿದ್ದ ತಲೆಗಳು ನೆನಪಾದವು. ಅಷ್ಟರಲ್ಲಿ ಅವರು ಅವನನ್ನು ಕಂಡು, ಈಗ ತಾನೇ ಬಂದದ್ದೆಂದು ತಿಳಿದು, ಈ ಗಂಟೆ ಕಟ್ಟಿ ಬಾ, ನನಗೆ ಮೆಟ್ಟಿಲು ಹತ್ತಲು ಆಗುತ್ತಿಲ್ಲ ಎಂದರು. ಹತ್ತಲು ಇದ್ದದ್ದು ಕೆಲವೇ ಮೆಟ್ಟಿಲು. ಅವನು ಕಟ್ಟಿದ. ಅವರೇ ಹೇಳಿದ್ದರಿಂದ ಫೋಟೊ ತೆಗೆದ. ಗಂಟೆ ಮಾತ್ರ.

ಮಾರನೆಯ ದಿನ ಜಾಗೇಶ್ವರದಲ್ಲಿ ದೇವದಾರು ಮರಗಳ ನಡುವೆ ನೂರಕ್ಕೂ ಹೆಚ್ಚು ಕಲ್ಲಿನ ಗುಡಿಗಳು. ಕೆಲವು ಆಳೆತ್ತರ, ಕೆಲವು ಸೊಂಟದವರೆಗೆ, ಸಂಸಾರ ಸಮೇತ ಬಂದು ಅಲ್ಲೇ ಕಲ್ಲಾದ ಹಾಗೆ. ಮೃತ್ಯುಂಜಯನ ಗುಡಿಯ ಮುಂದೆ ಎಲ್ಲರೂ ಸಾಲು ನಿಂತರು. ಸದಾನಂದರು ಮಾತ್ರ ಹೊರಗಿನ ಸಣ್ಣ ಹೊಳೆಯ ಬದಿಯಲ್ಲಿ ಕೂತಿದ್ದರು. ಹಿಂದಿನ ರಾತ್ರಿ ಅವರು ಊಟ ಮಾಡಿರಲಿಲ್ಲ. ನೀರಿನ ಬಾಟಲಿ ಕೊಡಲು ಹೋದ ಕ್ಲೈವನನ್ನು ಅವರು ಮೊದಲ ಸಲ ಹೆಸರು ಹಿಡಿದು ಕರೆದು, ಆಸ್ಪತ್ರೆಗೆ ಹೋಗಿ ಬರುವಾಗ ಮೇಡಂ ಕಾರಿನಲ್ಲಿ ಏನು ಮಾತಾಡುತ್ತಾರೆ ಎಂದು ಕೇಳಿದರು. ಹೊಳೆಯ ಕಡೆ ನೋಡಿಕೊಂಡೇ ಕೇಳಿದರು. ಆಗಲೇ ಹೇಳಬಹುದಿತ್ತು. ಆ ಕೊನೆಯ ಸಾಲು ಅವರದಲ್ಲ ಸರ್, ನನ್ನದು. ಹತ್ತು ಸೆಕೆಂಡಿನ ಕೆಲಸ. ಇಗರ್ಜಿಯ ಪಾಪನಿವೇದನೆಯ ಪೆಟ್ಟಿಗೆಯಲ್ಲಿ ಚಿಕ್ಕವನಿದ್ದಾಗ ಹೇಳಲು ಏನೂ ಸಿಗದೆ ಮಾಡದ ಪಾಪಗಳನ್ನು ಕಟ್ಟಿ ಹೇಳುತ್ತಿದ್ದವನಿಗೆ, ಮಾಡಿದ್ದನ್ನು ಹೇಳಲು ಬಾಯಿ ಬರಲಿಲ್ಲ. ಏನೂ ಇಲ್ಲ ಸರ್, ಮಲಗಿಕೊಳ್ಳುತ್ತಾರೆ ಎಂದ. ಸದಾನಂದರು ತಲೆಯಾಡಿಸಿದರು. ಆ ದಿನದಿಂದ ಇವತ್ತಿನವರೆಗೆ ಅವರು ಆ ಸಾಲನ್ನು ಹೊತ್ತು ತಿರುಗುತ್ತಿದ್ದಾರೆ, ಹೆಂಡತಿ ಹೇಳಿದ್ದು ಎಂದು. ಅದರ ಪಕ್ಕದಲ್ಲೇ ಮಲಗುತ್ತಿದ್ದಾರೆ.

ನಲ್ಲಿ ನಿಂತಿತು. ಸದಾನಂದರು ಕೈ ಒರೆಸಿಕೊಳ್ಳುತ್ತ ಬಂದರು. ಅವರ ಮುಖ ತೊಳೆದು ಕೆಂಪಾಗಿತ್ತು. ಈ ಮಾತು ಇಲ್ಲಿಗೇ ಮುಗಿಯಬಹುದಿತ್ತು, ಆಗಲೇ ಯಾರೋ ಪಾಯಸದ ಸುದ್ದಿ ತೆಗೆದಿದ್ದರು. ಆದರೆ ಅವರಿಗೆ ಅದನ್ನು ಮುಗಿಸಲು ಆಗಲಿಲ್ಲ. ರೇಮಂಡರ ಕಡೆ ತಿರುಗಿ, ಇಂಥವರನ್ನು ಇನ್ನು ನಮ್ಮ ಮನೆಗೆ ಕಳಿಸಬೇಡಿ, ಸೋಮವಾರದಿಂದ ಆಸ್ಪತ್ರೆಗೆ ಬೇರೆ ಡ್ರೈವರ್ ಬರಲಿ, ಜವಾಬ್ದಾರಿ ಅನ್ನೋದು ಶಾಲೆಯಲ್ಲಿ ಕಲಿಸ್ತಾರೆ, ಅರ್ಧಕ್ಕೆ ಬಿಟ್ಟವರಿಗೆ ಅದು ಹೇಗೆ ಬರುತ್ತೆ ಎಂದರು. ರೇಮಂಡ್ ಆಗಲಿ ಸರ್ ಎಂದರು. ಅವರು ಅಷ್ಟು ಬೇಗ ಒಪ್ಪಿದ್ದನ್ನು ಕೇಳಿ ಕ್ಲೈವ್ ತಟ್ಟೆ ಕೆಳಗಿಟ್ಟು ಎದ್ದು ನಿಂತ. ಮೊಣಕಾಲು ಜೋಮು ಹಿಡಿದಿತ್ತು. ಬಾಗಿಲಿನವರೆಗೆ ನಡೆದು ಚಪ್ಪಲಿಗಳ ರಾಶಿಯಲ್ಲಿ ತನ್ನದನ್ನು ಕಾಲಿನಿಂದಲೇ ಹುಡುಕತೊಡಗಿದ. ಈಗ ಹೇಳುತ್ತೇನೆ ಎಂದುಕೊಂಡ. ಚಪ್ಪಲಿ ಹಾಕಿಕೊಂಡು, ಬಾಗಿಲು ತೆರೆದು, ಹೊಸ್ತಿಲ ಮೇಲೆ ನಿಂತು ಹೇಳುತ್ತೇನೆ.

"ಅವನನ್ನ ಯಾಕೆ ಬೈತೀರಿ?" ಎಂದರು ರತ್ನಕ್ಕ.

ದನಿ ದೊಡ್ಡದಾಗಿರಲಿಲ್ಲ. ಆದರೆ ಕಾಯಿಲೆ ಬಂದ ಮೇಲೆ ಅವರು ನಾಲ್ಕು ಜನರ ನಡುವೆ ಗಂಡನಿಗೆ ಎದುರಾಡಿದ್ದನ್ನು ಯಾರೂ ಕೇಳಿರಲಿಲ್ಲ. ಬಿಲ್ಕಿಸ್ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು.

"ಆ ಕಾಗದ ಬರೆದವನೇ ಅವನು. ನನ್ನ ಕೈಯಲ್ಲಿ ಪೆನ್ ನಿಲ್ಲಲ್ಲ ಅಂತ ನಿಮಗೆ ಗೊತ್ತಿಲ್ವಾ? ನಾನು ಹೇಳಿದೆ, ಅವನು ಬರೆದ. ಅಷ್ಟು ಮುತುವರ್ಜಿಯಿಂದ ಬರೆದವನು ಕಳೆಯೋದಿಲ್ಲ."

ಕ್ಲೈವ್ ತಿರುಗಲಿಲ್ಲ. ತಿರುಗದೆಯೇ ಅವನಿಗೆ ಹಿಂದೆ ಆಗುತ್ತಿರುವುದೆಲ್ಲ ಗೊತ್ತಾಗುತ್ತಿತ್ತು. ಸದಾನಂದರಿಗೆ ಹೆಂಡತಿಯ ಅಕ್ಷರ ಯಾವುದು ಎಂದೇ ಗೊತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಜೊತೆಗಿದ್ದವರು ಬೇರೆಯವನ ದುಂಡಗಿನ ಅಕ್ಷರವನ್ನು ಅವಳದೆಂದು ತಿಳಿದು, ಬೆರಳಿಟ್ಟು ಓದಿದ್ದರು. ಎಂಥ ಗಂಡಸು ಇವನು ಎಂಬ ಸಿಟ್ಟು ಏಳುತ್ತಿದ್ದಂತೆ ಅದರ ಕೆಳಗಿನಿಂದ ಭಯವೂ ಎದ್ದಿತು. ಹೆಜ್ಜೆಗಳು ಬಂದವು. ಸದಾನಂದರು ಬರಿಗಾಲಿನಲ್ಲಿ ಹಜಾರ ದಾಟಿ ಬಾಗಿಲಿನ ಹತ್ತಿರ ಬಂದು ನಿಂತರು, ತುಂಬ ಹತ್ತಿರ. ಅವರ ಉಸಿರಿನಲ್ಲಿ ಸಾರಿನ ವಾಸನೆ ಇತ್ತು. ಬೈಯುವವರ ಮುಖ ಅಲ್ಲ ಅದು. ಆಸ್ಪತ್ರೆಯ ಕಾರಿಡಾರಿನಲ್ಲಿ ರಿಪೋರ್ಟಿಗೆ ಕಾಯುವವರ ಮುಖಗಳನ್ನು ಕ್ಲೈವ್ ತಿಂಗಳುಗಟ್ಟಲೆ ನೋಡಿದ್ದ.

"ನೀನಾ ಬರೆದದ್ದು?" ಎಂದರು. ಆಮೇಲೆ, ಎಲ್ಲರೂ ಕೇಳುತ್ತಿದ್ದಾರೆ ಎಂಬುದೇ ಮರೆತುಹೋದವರ ಹಾಗೆ, "ಆ ಕೊನೇ ಸಾಲು... ಅದೂ ಅವಳೇ ಹೇಳಿದ್ದಾ?"

ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದದ್ದು ರತ್ನಕ್ಕನಿಗೆ. ಸೋಫಾದ ಕೈಯನ್ನು ಹಿಡಿದುಕೊಂಡು ಅವರು ನಿಧಾನವಾಗಿ ಎದ್ದು ನಿಂತರು.

"ನೀವು ಓದಿದ್ರಾ?" ಎಂದರು ಗಂಡನಿಗೆ. ಆ ದನಿಯಲ್ಲಿ ಕೋಪ ಇರಲಿಲ್ಲ. ಇಷ್ಟು ದೂರದಿಂದ, ಕನ್ನಡದಲ್ಲಿ ಬರೆದು ಕೇಳಿದ್ದು ಹೀಗೆ ನಡೆದುಬಿಡುತ್ತದೆಂದು ಅವರು ಎಣಿಸಿರಲಿಲ್ಲ ಎನ್ನುವಂತಿತ್ತು. "ಕೊನೇ ಸಾಲು ಅಂದ್ರೆ, ಶಿಕ್ಷೆ ಬೇಡ ಅಂದದ್ದು. ಅದು ನಾನೇ ಹೇಳಿದ್ದು. ಅದರಲ್ಲಿ ಕೇಳೋದೇನಿದೆ?"

ಸದಾನಂದರು ಹೆಂಡತಿಯ ಕಡೆ ತಿರುಗಲಿಲ್ಲ. ಅವರ ಕಣ್ಣು ಕ್ಲೈವನ ಮುಖದ ಮೇಲೆಯೇ ಇತ್ತು, ಹಾಳೆಯ ಮೇಲೆ ಬೆರಳು ನಿಂತ ಹಾಗೆ, ಮುಂದೆ ಹೋಗಿ ಮತ್ತೆ ಹಿಂದೆ ಬಂದು. ಒಂದು ಪದ ಸಾಕಿತ್ತು. ಇಲ್ಲ ಎಂದರೆ ಈ ಮನುಷ್ಯ ಬಿಡುಗಡೆಯಾಗುತ್ತಿದ್ದ, ತಮ್ಮ ಎಂದು ಹೇಳಿದ ಹೆಂಗಸಿನ ಮುಂದೆ ಕ್ಲೈವ್ ಬೆತ್ತಲೆಯಾಗುತ್ತಿದ್ದ. ಹೌದು ಎಂದರೆ ಅದು ಅವಳ ಹೆಸರಿನಲ್ಲಿ ಅವನು ಹೇಳುವ ಎರಡನೆಯ ಸುಳ್ಳಾಗುತ್ತಿತ್ತು. ಅವನಿಗೆ ತನ್ನ ಮೇಲೆ, ತನ್ನ ದುಂಡಗಿನ ಅಕ್ಷರದ ಮೇಲೆ, ಹೇಸಿಗೆಯಾಯಿತು. ಹೇಸಿಗೆಯ ಜೊತೆಗೇ, ಓದು ಬರಹ ಇಲ್ಲದವನು ಎಂಬ ಮಾತು ಕಿವಿಯೊಳಗೆ ಇನ್ನೂ ಬಿಸಿಯಾಗಿಯೇ ಇತ್ತು. ಎರಡೂ ಒಂದನ್ನೊಂದು ಬಿಡಲಿಲ್ಲ.

ಅವನು ಬಾಗಿಲು ತೆರೆದು ಹೊರಗೆ ಬಂದ. ಕ್ಲೈವ್, ಸರ್ ಕೇಳ್ತಾ ಇದ್ದಾರಲ್ಲ, ಉತ್ತರ ಕೊಟ್ಟು ಹೋಗು ಮಾರಾಯ ಎಂದು ರೇಮಂಡ್ ಒಳಗಿನಿಂದ ಕೂಗಿದರು. ಪಾಪ, ಮನಸ್ಸಿಗೆ ಹತ್ಯದ ಅವಗ, ಹೋಗ್ಲಿ ಬಿಡ್ರಿ ಎಂದು ಬಿಲ್ಕಿಸ್ ಹೇಳುವುದು ಕೇಳಿಸಿತು. ಆ ಪಾಪ ಎಂಬ ಮಾತಿಗೆ ಅವನ ಹೆಜ್ಜೆ ಒಮ್ಮೆ ತಡವರಿಸಿತು. ಲಿಫ್ಟಿನ ಮುಂದೆ ನಿಂತರೆ ಯಾರಾದರೂ ಬಂದಾರು ಎಂದು ಮೆಟ್ಟಿಲು ಇಳಿಯತೊಡಗಿದ. ಹನ್ನೊಂದನೆಯ ಮಹಡಿಯಲ್ಲಿ ಯಾರದೋ ಮನೆಯ ಮೀನು ಹುರಿಯುವ ವಾಸನೆ ಬಂತು. ಮೇಲೆ ಬಾಗಿಲು ಇನ್ನೂ ಮುಚ್ಚಿರಲಿಲ್ಲ. ಬರಿಗಾಲು ಒಂದು ಮೆಟ್ಟಿಲು ಇಳಿದು ನಿಂತ ಸದ್ದು, ಆಮೇಲೆ, ಹೇಳಿ ಹೋಗೋ ಎನ್ನುವ, ಈಗ ಬೈಗುಳವೇ ಉಳಿದಿಲ್ಲದ ದನಿ. ಕ್ಲೈವ್ ಕಂಬಿ ಹಿಡಿದುಕೊಳ್ಳದೆ, ಮೇಲೆ ನೋಡದೆ, ಒಂದೊಂದೇ ಮಹಡಿ ಇಳಿಯುತ್ತ ಹೋದ.